ಮಂಗಳೂರಿನ ಕಲ್ಲಚ್ಚಿನಿಂದ ಫಾಲ್ಕೆನ್‌ಸ್ಟೈನ್‌ನ ಸರ್ವರಿಗೆ

2023ರ ಸೆಪ್ಟೆಂಬರ್ ತಿಂಗಳ ಒಂದು ಭಾನುವಾರ ಹ್ಯಾಂಬರ್ಗಿನಿಂದ ಫೋನ್ ಬಂತು. ನಮ್ಮ ಸಂಘದ ಹಿರಿಯರೊಬ್ಬರ ಮಗಳು. "ಡಾಕ್ಟರ್ ಅಂಕಲ್, ಅಪ್ಪ ಹಿಂದೆ ಸಂಘದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದಿದ್ದರಂತೆ. ಅದು ಎಲ್ಲಿ ಸಿಗುತ್ತದೆ?" ಎಂದು ಕೇಳಿದಳು. ಆಕೆಯ ತಂದೆ ಅದೇ ವರ್ಷ ಯುಗಾದಿಗೆ ಮುಂಚೆ ತೀರಿಕೊಂಡಿದ್ದರು. 1960ರ ದಶಕದಲ್ಲಿ ಕೆಲಸ ಹುಡುಕಿಕೊಂಡು ಜರ್ಮನಿಗೆ ಬಂದವರು. ಬಂದ ಮೊದಲ ಚಳಿಗಾಲವನ್ನು, ಕನ್ನಡದ ಒಂದು ಮಾತೂ ಕಿವಿಗೆ ಬೀಳದ ಊರಿನಲ್ಲಿ, ಹೇಗೆ ಕಳೆದರೆಂದು ಬರೆದಿದ್ದರು. ಆ ಸಂಚಿಕೆಯ ಸಂಪಾದಕ ಮಂಡಳಿಯಲ್ಲಿ ನಾನಿದ್ದೆ. ಅವರ ಲೇಖನದ ಕರಡು ತಿದ್ದಿದವನೂ ನಾನೇ.

"ನಮ್ಮ ವೆಬ್‌ಸೈಟಿನ್ಯಾಗ ಅದ ತಾಯಿ, ಇವತ್ತ ಕಳಸ್ತೇನಿ" ಎಂದು ಧೈರ್ಯವಾಗಿ ಹೇಳಿದೆ. ಸಂಜೆ ಕಂಪ್ಯೂಟರ್ ಮುಂದೆ ಕುಳಿತು ವಿಳಾಸ ಬರೆದರೆ, ನಮ್ಮ ಸಂಘದ ಹೆಸರಿನ ಜಾಗದಲ್ಲಿ ಯಾರೋ ಬೂಟು ಮಾರುತ್ತಿದ್ದರು.

ಆ ಸಂಜೆಯಿಂದ ಮುಂದಿನ ಮೂರು ತಿಂಗಳು ನಾನು ಮಾಡಿದ ಕೆಲಸವನ್ನು ಹೇಳಲು ಈ ಲೇಖನ ಬರೆಯುತ್ತಿದ್ದೇನೆ. ಒಂದು ಬಾಡಿಗೆ ಸರ್ವರಿನ ಮೇಲೆ ಜಾಲತಾಣದ ತಂತ್ರಾಂಶ ಸ್ಥಾಪಿಸಿ, ಸಂಘದ ಹಳೆಯ ಸಂಚಿಕೆಗಳನ್ನು ಅಲ್ಲಿಗೆ ಸೇರಿಸಿದ ಕೆಲಸ ಅದು. ಕಂಪ್ಯೂಟರ್ ಬಲ್ಲವರಿಗೆ ಇದು ಅರ್ಧ ದಿನದ ಆಟ. ಆದರೆ ಮಾಡುತ್ತಾ ಹೋದಂತೆ, ನಾನು ತುಳಿಯುತ್ತಿರುವ ದಾರಿಯಲ್ಲಿ ನೂರೆಂಬತ್ತು ವರ್ಷಗಳ ಹಿಂದೆ ಕೆಲವರು ಎದುರುಗಡೆಯಿಂದ ಬಂದಿದ್ದರು ಎಂಬುದು ಹೊಳೆಯಿತು. ಅವರು ಜರ್ಮನಿಯಿಂದ ಮಂಗಳೂರಿಗೆ ಹೋಗಿ ಕನ್ನಡವನ್ನು ಕಲ್ಲಿನ ಮೇಲೆ ಕೂರಿಸಿದವರು.

ಮೊದಲು ಹಿಸ್ಟರಿ

ರೋಗಿಯನ್ನು ಮುಟ್ಟುವ ಮೊದಲು ಹಿಸ್ಟರಿ ಕೇಳಬೇಕೆಂಬುದು ನಮ್ಮ ವೃತ್ತಿಯ ಮೊದಲ ಪಾಠ. ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಓದುವಾಗ ಗುರುಗಳು ಇದನ್ನು ಬೈದು ಕಲಿಸಿದ್ದರು. ಸತ್ತ ಜಾಲತಾಣದ ಹಿಸ್ಟರಿಯನ್ನೂ ಹಾಗೆಯೇ ಕೇಳಿದೆ.

ಹದಿನೈದು ವರ್ಷಗಳ ಹಿಂದೆ ಒಬ್ಬ ಹುಮ್ಮಸ್ಸಿನ ಯುವಕ ಅದನ್ನು ಕಟ್ಟಿದ್ದ. ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತು. ವಾರ್ಷಿಕ ಶುಲ್ಕ ಅವನ ಕಾರ್ಡಿನಿಂದಲೇ ಹೋಗುತ್ತಿತ್ತು. ಅವನು ಕೆನಡಾಕ್ಕೆ ಹೋದ, ಕಾರ್ಡಿನ ಅವಧಿ ಮುಗಿಯಿತು, ಎಚ್ಚರಿಕೆಯ ಪತ್ರಗಳು ಯಾರೂ ತೆರೆಯದ ಅಂಚೆಪೆಟ್ಟಿಗೆಗೆ ಬಂದು ಬಿದ್ದವು. ಯಾರ ತಪ್ಪೂ ಅಲ್ಲ, ಎಲ್ಲರ ತಪ್ಪೂ ಹೌದು. ಕಾರ್ಯಕಾರಿ ಸಮಿತಿಯಲ್ಲಿ ಆರು ವರ್ಷ ಇದ್ದ ನಾನೂ ಒಮ್ಮೆಯೂ "ಇದರ ಕೀಲಿ ಯಾರ ಹತ್ತಿರ ಇದೆ?" ಎಂದು ಕೇಳಿರಲಿಲ್ಲ.

ಉಳಿದದ್ದು ಇಷ್ಟು: ಬೇರೆ ಬೇರೆ ಮನೆಗಳ ಕಪಾಟಿನಲ್ಲಿ ಕೆಲವು ಮುದ್ರಿತ ಸಂಚಿಕೆಗಳು, ನನ್ನ ನೆಲಮಾಳಿಗೆಯಲ್ಲಿ ಏಳು ಸಿ.ಡಿ.ಗಳು, ಮತ್ತು ಆ ಯುವಕ ಕೆನಡಾದಿಂದ ಹುಡುಕಿ ಕಳಿಸಿದ, 2009ರಲ್ಲಿ ತೆಗೆದ ಒಂದು ಡೇಟಾಬೇಸ್ ಕಡತ. ಹ್ಯಾಂಬರ್ಗಿನ ಹುಡುಗಿಯ ತಂದೆಯ ಲೇಖನವಿದ್ದ ಸಂಚಿಕೆ ಕಾಗದದಲ್ಲಿ ಯಾರ ಮನೆಯಲ್ಲೂ ಸಿಗಲಿಲ್ಲ.

ಆಲ್ಟ್‌ಮ್ಯೂಲ್ ಕಣಿವೆಯ ಕಲ್ಲು

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನಿರುವುದು ನ್ಯೂರೆಂಬರ್ಗ್ ಬಳಿ. ಇಲ್ಲಿಂದ ದಕ್ಷಿಣಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆ ಹೋದರೆ ಆಲ್ಟ್‌ಮ್ಯೂಲ್ ನದಿಯ ದಂಡೆಯಲ್ಲಿ ಸೋಲ್ನ್‌ಹೋಫೆನ್ ಎಂಬ ಹಳ್ಳಿ ಇದೆ. ಅಲ್ಲಿನ ಗಣಿಗಳಲ್ಲಿ ಹಲಗೆಯಂತೆ ಪದರ ಪದರವಾಗಿ ಏಳುವ ನುಣುಪಾದ ಸುಣ್ಣಕಲ್ಲು ಸಿಗುತ್ತದೆ. 1790ರ ದಶಕದ ಕೊನೆಯಲ್ಲಿ ಮ್ಯೂನಿಕ್‌ನ ಅಲೋಯಿಸ್ ಸೆನೆಫೆಲ್ಡರ್ ಈ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಬರೆದು, ಕಲ್ಲನ್ನು ಒದ್ದೆ ಮಾಡಿ, ಮಸಿ ಸವರಿ, ಕಾಗದ ಒತ್ತಿ ಅಚ್ಚು ತೆಗೆಯುವ ವಿಧಾನ ಕಂಡುಹಿಡಿದ. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಎಂಬುದಷ್ಟೇ ಅದರ ಗುಟ್ಟು. ಇದೇ ಲಿಥೋಗ್ರಫಿ, ನಮ್ಮವರು ಹೇಳುವ ಕಲ್ಲಚ್ಚು.

ಕನ್ನಡಕ್ಕೆ ಅಚ್ಚಿನ ಮೊಳೆಗಳು ಅದಕ್ಕೂ ಮೊದಲೇ ಬಂದಿದ್ದವು ನಿಜ. ಬಂಗಾಳದ ಸೆರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿಯೇ ಅಚ್ಚಾಗಿತ್ತು. ಆದರೆ ಮೊಳೆ ಎರಕ ಹೊಯ್ಯುವುದು ಸುಲಭವಲ್ಲ. ಇಂಗ್ಲಿಷಿಗೆ ನೂರರೊಳಗೆ ಮುಗಿಯುವ ಮೊಳೆಗಳು ಕನ್ನಡಕ್ಕೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ಬೇಕು. ಕಲ್ಲಚ್ಚಿಗೆ ಆ ತಾಪತ್ರಯವಿಲ್ಲ. ಕೈಯಲ್ಲಿ ಬರೆಯಲು ಬಂದದ್ದೆಲ್ಲ ಕಲ್ಲಿನ ಮೇಲೆ ಬರುತ್ತದೆ.

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1841ರಲ್ಲಿ ಅಲ್ಲಿ ಅವರ ಕಲ್ಲಚ್ಚಿನ ಮುದ್ರಣಾಲಯ ಶುರುವಾಯಿತು. ವ್ಯೂರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್‌ನಲ್ಲಿ ಹುಟ್ಟಿದ ಹೆರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಹೊರತಂದದ್ದು ಈ ಕಲ್ಲಚ್ಚಿನಲ್ಲಿಯೇ. ಕನ್ನಡದ ಮೊದಲ ಪತ್ರಿಕೆ ಅದು. ಕರ್ನಾಟಕದಲ್ಲಿ ಪತ್ರಿಕಾ ದಿನವನ್ನು ಇಂದಿಗೂ ಜುಲೈ 1ರಂದೇ ಆಚರಿಸುವುದು ಅದಕ್ಕೇ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಎಂಬ ಹೆಸರಿನಲ್ಲಿ ಮುಂದುವರಿಯಿತು. ನಮ್ಮ ಇಂದಿನ ಸಾಫ್ಟ್‌ವೇರ್ ಹುಡುಗರ ಭಾಷೆಯಲ್ಲಿ ಹೇಳಿದರೆ, ಅದು ಕನ್ನಡ ಪತ್ರಿಕೋದ್ಯಮದ ಮೊದಲ ಮೈಗ್ರೇಶನ್.

ಮೋಗ್ಲಿಂಗ್ ಅಲ್ಲಿಗೇ ನಿಲ್ಲಲಿಲ್ಲ. ಮದರಾಸಿನ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಅವರ ಹಣದ ನೆರವಿನಿಂದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದವನ್ನು ಓಲೆಗರಿಯಿಂದ ಎತ್ತಿ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಅಚ್ಚು ಹಾಕಿಸಿದರು. ಕಿಟ್ಟೆಲ್ ಅವರ ಸುಮಾರು 70,000 ಪದಗಳ ನಿಘಂಟು 1894ರಲ್ಲಿ ಹೊರಬಂದದ್ದೂ ಅದೇ ಮಂಗಳೂರಿನಿಂದ. ನಾನು ಧಾರವಾಡದಲ್ಲಿ ಬಾಸೆಲ್ ಮಿಶನ್ ಶಾಲೆಗೆ ಹೋದವನು. ಕಿಟ್ಟೆಲ್ ಹೆಸರು ನಮಗೆ ಓಣಿಯ ಹಿರಿಯರ ಹೆಸರಿನಷ್ಟು ಬಳಕೆಯದು. ಆದರೆ ಈ ಎಲ್ಲ ಕಥೆಯಲ್ಲಿ ನನಗೆ ಗೊತ್ತಿಲ್ಲದೆ ಉಳಿದಿದ್ದ ಒಂದು ಸಣ್ಣ ಸಂಗತಿಯನ್ನು ಸೋಲ್ನ್‌ಹೋಫೆನ್‌ನ ಕಲ್ಲುಗಳನ್ನು ನೋಡಲು ಹೋದಾಗ ತಿಳಿದುಕೊಂಡೆ.

ಅಚ್ಚಿನ ಕಲ್ಲು ದುಬಾರಿ. ಆದ್ದರಿಂದ ಒಂದು ಪುಟದ ಪ್ರತಿಗಳು ಮುಗಿದ ಮೇಲೆ ಮರಳು ಹಾಕಿ ಉಜ್ಜಿ, ಬರಹವನ್ನು ಪೂರ್ತಿ ಅಳಿಸಿ, ಮುಂದಿನ ಪುಟವನ್ನು ಅದೇ ಕಲ್ಲಿನ ಮೇಲೆ ಬರೆಯುತ್ತಿದ್ದರು. ಶಾಸನದ ಕಲ್ಲನ್ನು ಕಂಡು ಬೆಳೆದ ನಾವು, ಕಲ್ಲಿನ ಮೇಲೆ ಬರೆದದ್ದು ಶಾಶ್ವತ ಎಂದುಕೊಳ್ಳುತ್ತೇವೆ. ಅಚ್ಚಿನ ಕಲ್ಲು ಹಾಗಲ್ಲ. ಅಲ್ಲಿ ಉಳಿಯುವುದು ಕಲ್ಲಲ್ಲ, ಪ್ರತಿ. ಹತ್ತಾರು ಊರುಗಳಿಗೆ ಹೋದ ಕಾಗದ.

ಎಸ್‌ತ್ಸೆಟ್ ವೇಷದ ನ-ಒತ್ತು

ಈಗ ನನ್ನ ನೆಲಮಾಳಿಗೆಯ ಸಿ.ಡಿ.ಗಳಿಗೆ ಬರುತ್ತೇನೆ. ಏಳರಲ್ಲಿ ಎರಡು ಓದಲೇ ಇಲ್ಲ. ಮೂರನೆಯದರಲ್ಲಿ ನಮಗೆ ಬೇಕಾದ ಸಂಚಿಕೆಯ ಕಡತಗಳಿದ್ದವು. ಸಂತೋಷದಿಂದ ತೆರೆದರೆ, ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ.

ನಾವು ಆ ಸಂಚಿಕೆ ಮಾಡಿದ ಕಾಲದಲ್ಲಿ ಎಲ್ಲರೂ ಬಳಸುತ್ತಿದ್ದದ್ದು ಬರಹ ಅಥವಾ ನುಡಿ ತಂತ್ರಾಂಶ. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂದು ವಿದೇಶದ ಕನ್ನಡಿಗರ ಕೈಗೆ ಕನ್ನಡ ಬರವಣಿಗೆಯನ್ನು ಕೊಟ್ಟಿತು. ಕನ್ನಡ ಗಣಕ ಪರಿಷತ್ತಿನ ನುಡಿ ಕರ್ನಾಟಕದ ಸರ್ಕಾರಿ ಕಚೇರಿಗಳನ್ನೆಲ್ಲ ತುಂಬಿತು. ಅವರ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಆಗಿನ ಕಂಪ್ಯೂಟರುಗಳಿಗೆ ಕನ್ನಡ ಎಂಬ ಲಿಪಿ ಇದೆಯೆಂದೇ ತಿಳಿದಿರಲಿಲ್ಲ. ಹಾಗಾಗಿ ಆ ಫಾಂಟುಗಳು ಒಂದು ಉಪಾಯ ಮಾಡಿದ್ದವು. ಪಶ್ಚಿಮ ಯುರೋಪಿನ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಮೊಳೆ ಜೋಡಿಸುವವನ ಪೆಟ್ಟಿಗೆಯಂತೆಯೇ: ಇಲ್ಲಿ ತಲೆಕಟ್ಟು, ಅಲ್ಲಿ ಒತ್ತು, ಮತ್ತೊಂದು ಕಡೆ ಕೊಂಬು. ಆ ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ವೇಷ ಕಳಚುತ್ತದೆ.

ನನ್ನ ಪರದೆಯ ಮೇಲೆ 'ಕನ್ನಡ' ಎಂಬ ಪದವೇ ವೇಷ ಕಳಚಿ ನಿಂತಿತ್ತು. 'ನ' ಇರಬೇಕಾದಲ್ಲಿ ಇಂಗ್ಲಿಷರ ಪೌಂಡ್ ಚಿಹ್ನೆ. ಅದರ ಕೆಳಗಿನ ನ-ಒತ್ತು ಇರಬೇಕಾದಲ್ಲಿ ಜರ್ಮನರ ಎಸ್‌ತ್ಸೆಟ್! ಈ ದೇಶದ ಪ್ರತಿ ರಸ್ತೆಯ ಹಲಗೆಯ ಮೇಲೂ ಕಾಣುವ, ಹೊಟ್ಟೆ ಉಬ್ಬಿದ ಆ ಅಕ್ಷರ ನಮ್ಮ ಸಂಚಿಕೆಯಲ್ಲಿ ಇಷ್ಟು ವರ್ಷ ಕನ್ನಡದ ಒತ್ತಾಗಿ ಚಾಕರಿ ಮಾಡಿತ್ತು. ಒಬ್ಬನೇ ಕುಳಿತು ನಕ್ಕೆ.

ಇದಕ್ಕೆ ಮದ್ದು ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ತನ್ನದೇ ಮನೆಗಳು ಸಿಕ್ಕಿದ್ದವು. ಆದರೆ ಅದು ಸಾಮಾನ್ಯ ಜನರ ಕಂಪ್ಯೂಟರಿಗೆ ಬಂದದ್ದು 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ. ಯೂನಿಕೋಡಿನಲ್ಲಿ ಉಳಿಸುವುದು ಅಕ್ಷರದ ಚಿತ್ರವನ್ನಲ್ಲ, ಅಕ್ಷರವನ್ನು. 'ಕನ್ನಡ' ಎಂದರೆ ಕ, ನ, ಹಲಂತದ ಚಿಹ್ನೆ, ನ, ಡ ಎಂಬ ಐದು ಸಂಕೇತಗಳು. ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 15. ಒತ್ತನ್ನು ಎಲ್ಲಿ ಕೂರಿಸಬೇಕೆಂಬುದು ತೋರಿಸುವ ಯಂತ್ರದ ಕೆಲಸ.

ಹಳೆಯ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ಅವು ಬಹುಮಟ್ಟಿಗೆ ಸರಿಯಾಗಿ ಕೆಲಸ ಮಾಡುತ್ತವೆ. ಎಡವುವುದು ಅರ್ಕಾವತ್ತಿನಲ್ಲಿ. 'ಧರ್ಮ' ಎಂದು ಹಳೆಯ ಫಾಂಟಿನಲ್ಲಿ ಬರೆದಾಗ ಅರ್ಕಾವತ್ತಿನ ಕೊಕ್ಕೆ ಕಣ್ಣಿಗೆ ಕಾಣುವಂತೆ 'ಮ' ಆದ ಮೇಲೆ ಬರುತ್ತದೆ. ಯೂನಿಕೋಡಿನಲ್ಲಿ ನಾಲಿಗೆ ಉಚ್ಚರಿಸುವಂತೆ 'ರ' ಮೊದಲು ಬರಬೇಕು. ಪರಿವರ್ತಕ ಕೆಲವು ಕಡೆ ಇದನ್ನು ತಪ್ಪಿಸಿತ್ತು. ಹಿರಿಯರ ಲೇಖನದಲ್ಲಿ 'ಜರ್ಮನಿ' ಎಂಬ ಪದ ನಲವತ್ತಕ್ಕೂ ಹೆಚ್ಚು ಕಡೆ ಬರುತ್ತದೆ. ಒಂದೊಂದನ್ನೂ ಕಣ್ಣಿಟ್ಟು ನೋಡಿದೆ. ಆ ಲೇಖನದ ಕರಡನ್ನು ಎರಡನೆಯ ಸಲ ತಿದ್ದುವ ಭಾಗ್ಯ ಬರುತ್ತದೆಂದು ನಾನು ಎಣಿಸಿರಲಿಲ್ಲ.

ಯಂತ್ರವನ್ನು ಅಣಿಗೊಳಿಸಿದ್ದು

ಪಠ್ಯವೇನೋ ಸಿಕ್ಕಿತು. ಇನ್ನು ಅದನ್ನು ಇಡಲು ಮನೆ ಬೇಕು. ಎರ್ಲಾಂಗೆನ್‌ನಲ್ಲಿ ಕೆಲಸ ಮಾಡುವ ದಾವಣಗೆರೆಯ ಹುಡುಗನೊಬ್ಬ, "ಸಾರ್, ಅರ್ಧ ಗಂಟೇಲಿ ನಾನೇ ಮಾಡಿ ಕೊಡ್ತೀನಿ ಬಿಡಿ" ಎಂದ.

"ಬ್ಯಾಡಪ್ಪಾ. ನೀ ಮಾಡಿದ್ರ ನಿನಗೊಬ್ಬಂಗ ಗೊತ್ತಿರ್ತದ. ನಾಳೆ ನೀನೂ ಕೆನಡಾಕ್ಕ ಹೋದ್ರ ನಾವೇನ್ ಮಾಡೋಣು?" ಎಂದೆ. ಅವನು ಪಕ್ಕದಲ್ಲಿ ಕುಳಿತು ಹೇಳುವುದು, ನಾನು ಮಾಡುವುದು, ಮಾಡಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಕೇಸ್ ಶೀಟಿನಂತೆ ಬರೆದಿಡುವುದು ಎಂದು ಒಪ್ಪಂದವಾಯಿತು.

ಕ್ಲೌಡ್ ಎಂದರೆ ಮೋಡವಲ್ಲ. ಬೇರೆಯವರ ಕಟ್ಟಡದಲ್ಲಿರುವ ಬೇರೆಯವರ ಕಂಪ್ಯೂಟರಿನಲ್ಲಿ ನಮಗೆ ಬಾಡಿಗೆಗೆ ಸಿಗುವ ಒಂದು ಪಾಲು. ನಾವು ಆರಿಸಿಕೊಂಡದ್ದು ಹೆಟ್ಸ್‌ನರ್ ಎಂಬ ಸಂಸ್ಥೆಯನ್ನು. 1997ರಲ್ಲಿ ಶುರುವಾದ ಈ ಸಂಸ್ಥೆಯ ಕೇಂದ್ರ ಕಚೇರಿ ಗುಂಟ್ಸೆನ್‌ಹೌಸೆನ್ ಎಂಬ ಸಣ್ಣ ಊರಿನಲ್ಲಿದೆ. ನಕಾಶೆ ತೆರೆದು ನೋಡಿ ಬೆರಗಾದೆ. ಗುಂಟ್ಸೆನ್‌ಹೌಸೆನ್ ಕೂಡ ಆಲ್ಟ್‌ಮ್ಯೂಲ್ ನದಿಯ ಮೇಲೆಯೇ ಇದೆ, ಸೋಲ್ನ್‌ಹೋಫೆನ್ ಇರುವ ಅದೇ ಜಿಲ್ಲೆಯಲ್ಲಿ! ಕಲ್ಲಚ್ಚಿಗೆ ಜಗತ್ತಿನ ಶ್ರೇಷ್ಠ ಕಲ್ಲನ್ನು ಕೊಟ್ಟ ಕಣಿವೆಯಲ್ಲೇ ಇಂದು ಸರ್ವರುಗಳನ್ನು ಬಾಡಿಗೆಗೆ ಕೊಡುವ ಸಂಸ್ಥೆಯೂ ಇದೆ. ನ್ಯೂರೆಂಬರ್ಗ್‌ನಲ್ಲಿ, ಸ್ಯಾಕ್ಸನಿ ಸೀಮೆಯ ಫಾಲ್ಕೆನ್‌ಸ್ಟೈನ್‌ನಲ್ಲಿ ಮತ್ತು ಫಿನ್‌ಲ್ಯಾಂಡಿನಲ್ಲಿ ಅವರ ಯಂತ್ರಗಳಿವೆ. ನಾನು ಫಾಲ್ಕೆನ್‌ಸ್ಟೈನ್ ಆರಿಸಿಕೊಂಡೆ. ಜರ್ಮನ್ ಭಾಷೆಯಲ್ಲಿ ಸ್ಟೈನ್ ಎಂದರೆ ಕಲ್ಲು.

4 ಜಿ.ಬಿ. ನೆನಪಿನ ಸಣ್ಣ ಯಂತ್ರ, ಅದರ ಮೇಲೆ ಡೆಬಿಯನ್ ಎಂಬ ಲಿನಕ್ಸ್. ಮೊದಲ ಕೆಲಸ ಕೀಲಿಯದು. ಪಾಸ್‌ವರ್ಡಿನ ಬದಲು ಜೋಡಿ ಕೀಲಿ ಮಾಡುತ್ತಾರೆ. ಒಂದು ಅರ್ಧ ಸರ್ವರಿನಲ್ಲಿ, ಬೀಗದಂತೆ. ಇನ್ನೊಂದು ಅರ್ಧ ನಮ್ಮ ಕಂಪ್ಯೂಟರಿನಲ್ಲಿ, ಬೀಗದ ಕೈಯಂತೆ. ಎರಡನೆಯದು ಫೈರ್‌ವಾಲ್. ಬೇಕಾದ ಮೂರು ಬಾಗಿಲುಗಳನ್ನು ಬಿಟ್ಟು ಉಳಿದದ್ದೆಲ್ಲ ಮುಚ್ಚುವುದು: ನಾವು ಒಳಹೋಗಲು 22, ಓದುಗರಿಗೆ 80 ಮತ್ತು 443. ನಾನು ಉತ್ಸಾಹದಲ್ಲಿ 22 ತೆರೆಯುವ ಮೊದಲೇ ಎಲ್ಲವನ್ನೂ ಮುಚ್ಚಿಬಿಟ್ಟೆ. ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗಾಯಿತು. ಹುಡುಗ ನಗಲಿಲ್ಲ, ಅದು ಅವನ ದೊಡ್ಡತನ. ಸಂಸ್ಥೆಯ ಪುಟದ ಮೂಲಕ ಯಂತ್ರದ ಪರದೆಯನ್ನೇ ತೆರೆಯುವ ಹಿತ್ತಿಲ ಬಾಗಿಲೊಂದಿದೆ, ಅದರಿಂದ ಒಳಹೋಗಿ ಸರಿಪಡಿಸಿದೆವು. ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆದೆ: ಮೊದಲು 22.

ಆಮೇಲೆ ಮೂವರು ಕೆಲಸಗಾರರನ್ನು ನೇಮಿಸಬೇಕು. ಬಾಗಿಲಲ್ಲಿ ನಿಂತು ಕೇಳಿದವರಿಗೆ ಪುಟ ಕೊಡುವ ವೆಬ್ ಸರ್ವರ್. ಬರಹಗಳನ್ನು ಕಪಾಟಿನಲ್ಲಿ ಜೋಡಿಸಿಡುವ ಡೇಟಾಬೇಸ್, ನಮ್ಮದು ಮರಿಯಾಡಿಬಿ. ಇವೆರಡರ ನಡುವೆ ಓಡಾಡುವ ಪಿ.ಎಚ್.ಪಿ. ಭಾಷೆ. ಇವರ ತಲೆಯ ಮೇಲೆ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್, ಚಿಕ್ಕದಾಗಿ ಸಿ.ಎಂ.ಎಸ್. ಜರ್ಮನಿಯ ದೊಡ್ಡ ಸಂಸ್ಥೆಗಳು ಟೈಪೋ3 ಎಂಬುದನ್ನು ಬಹಳ ಬಳಸುತ್ತವೆ. ನಮ್ಮಂಥ ಸಣ್ಣ ಸಂಘಕ್ಕೆ 2003ರಲ್ಲಿ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ಶುರುಮಾಡಿದ ವರ್ಡ್‌ಪ್ರೆಸ್ ಸಾಕು ಎನ್ನಿಸಿತು. ಉಚಿತ, ಎಲ್ಲ ಕಡೆ ಬಲ್ಲವರು ಸಿಗುತ್ತಾರೆ, ಮತ್ತು ಮುಂದೆ ನೋಡಿಕೊಳ್ಳುವವರು ಸಾಫ್ಟ್‌ವೇರ್ ಇಂಜಿನಿಯರೇ ಆಗಿರಬೇಕಿಲ್ಲ.

ಸಿ.ಎಂ.ಎಸ್. ಬಗ್ಗೆ ಒಂದು ಮಾತು ತಿಳಿದಿರಬೇಕು. ಅದರಲ್ಲಿ ಪುಟವೆಂಬುದು ಪುಟವಾಗಿ ಇರುವುದೇ ಇಲ್ಲ. ಓದುಗ ಕೇಳಿದಾಗಲೆಲ್ಲ ಕಪಾಟಿನಿಂದ ಬರಹ, ಮತ್ತೊಂದು ಕಡೆಯಿಂದ ಚಿತ್ರ, ಇನ್ನೊಂದು ಕಡೆಯಿಂದ ವಿನ್ಯಾಸ ತಂದು, ಮೊಳೆ ಜೋಡಿಸುವವನಂತೆ ಆ ಕ್ಷಣದಲ್ಲಿ ಪುಟ ಕಟ್ಟುತ್ತದೆ. ಕೊಟ್ಟ ಮೇಲೆ ಬಿಚ್ಚಿಬಿಡುತ್ತದೆ. ಆದ್ದರಿಂದ ಡೇಟಾಬೇಸನ್ನು ಮಾತ್ರ ಉಳಿಸಿಕೊಂಡರೆ ಚಿತ್ರಗಳು ಹೋಗುತ್ತವೆ, ಕಡತಗಳನ್ನು ಮಾತ್ರ ಉಳಿಸಿಕೊಂಡರೆ ಮಾತುಗಳೇ ಹೋಗುತ್ತವೆ. ಎರಡೂ ಬೇಕು.

ಫಾಂಟಿನ ವಿಷಯದಲ್ಲೂ ಈ ದೇಶದಲ್ಲಿ ಎಚ್ಚರ ಬೇಕು. ಗೂಗಲ್ ಸರ್ವರಿನಿಂದ ನೇರವಾಗಿ ಫಾಂಟ್ ತರಿಸಿದರೆ ಓದುಗರ ಐ.ಪಿ. ವಿಳಾಸ ಅವರ ಒಪ್ಪಿಗೆಯಿಲ್ಲದೆ ಹೊರಗೆ ಹೋಗುತ್ತದೆ ಎಂದು ಮ್ಯೂನಿಕ್‌ನ ನ್ಯಾಯಾಲಯವೊಂದು 2022ರ ಜನವರಿಯಲ್ಲಿ ತೀರ್ಪು ಕೊಟ್ಟು, ದೂರು ಕೊಟ್ಟವರಿಗೆ 100 ಯೂರೋ ಪರಿಹಾರ ಕೊಡಿಸಿತು. ಹಾಗಾಗಿ ನೋಟೋ ಕನ್ನಡ ಫಾಂಟನ್ನು ನಮ್ಮ ಸರ್ವರಿನಲ್ಲೇ ಇಟ್ಟುಕೊಂಡೆವು. ಮಂಗಳೂರಿನವರು ಮೊಳೆಗಳನ್ನು ತಮ್ಮದೇ ಮುದ್ರಣಾಲಯದಲ್ಲಿ ಇಟ್ಟುಕೊಂಡ ಹಾಗೆ.

ಪ್ರಶ್ನಾರ್ಥಕ ಚಿಹ್ನೆಗಳು

ಎಲ್ಲ ಅಣಿಯಾಯಿತು. ಹಳೆಯ ಕಡತದಿಂದ ಕೋಷ್ಟಕಗಳನ್ನು ತಂದು, ಹಿರಿಯರ ಲೇಖನವನ್ನು ಅದರೊಳಗೆ ಸೇರಿಸಿ, ಪುಟ ತೆರೆದೆ. ಲೇಖನದ ಉದ್ದಕ್ಕೂ, ಸಾಲಿನ ಮೇಲೆ ಸಾಲು, ಪ್ರಶ್ನಾರ್ಥಕ ಚಿಹ್ನೆಗಳು. ಬೇರೆ ಒಂದು ಅಕ್ಷರವೂ ಇಲ್ಲ.

ಕಾರಣ ಹಳೆಯ ಕೋಷ್ಟಕಗಳಲ್ಲಿತ್ತು. ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್ ಹುಟ್ಟಿದ್ದು ಸ್ವೀಡನ್ನಿನಲ್ಲಿ. ಬಹಳ ವರ್ಷ ಅದು, ನಾವು ಬೇರೆ ಹೇಳದಿದ್ದರೆ, ಪಶ್ಚಿಮ ಯುರೋಪಿನ ಲ್ಯಾಟಿನ್-1 ಅಕ್ಷರಗಳನ್ನು ಮಾತ್ರ ಗುರುತಿಸುತ್ತಿತ್ತು, ಅದೂ ಸ್ವೀಡಿಶ್ ಅಕಾರಾದಿ ಕ್ರಮದಲ್ಲಿ. ಜಗತ್ತಿನ ಎಲ್ಲ ಲಿಪಿಗಳೂ ತಾನಾಗಿಯೇ ಒಳಬರುವಂತಾದದ್ದು 2018ರ 8.0 ಆವೃತ್ತಿಯಿಂದ. ನಾನು ತಂದ 2009ರ ಕೋಷ್ಟಕಗಳಿಗೆ ಕನ್ನಡದ ಪರಿಚಯವೇ ಇರಲಿಲ್ಲ. ಗುರುತು ಸಿಗದ ಒಂದೊಂದು ಅಕ್ಷರದ ಜಾಗದಲ್ಲೂ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕೈ ತೊಳೆದುಕೊಂಡಿದ್ದವು.

ಇಲ್ಲಿ ವೈದ್ಯನಾಗಿ ನಾನು ಗಮನಿಸಿದ ಒಂದು ಭೇದವಿದೆ. ಅಕ್ಷರಗಳು ಕಲಸಿಹೋಗಿ ವಿಚಿತ್ರವಾಗಿ ಕಂಡರೆ ರೋಗಿಗೆ ಪ್ರಜ್ಞೆ ತಪ್ಪಿದೆ ಎಂದರ್ಥ. ಬೈಟುಗಳು ಒಳಗೆ ಹಾಗೇ ಇವೆ, ಸರಿಯಾದ ಸಂಕೇತದಲ್ಲಿ ಓದಿದರೆ ಎದ್ದು ಕೂರುತ್ತವೆ. ಸಿ.ಡಿ.ಯಲ್ಲಿ ಕಂಡ ಎಸ್‌ತ್ಸೆಟ್ ವೇಷವೂ ಅಂಥದೇ. ಆದರೆ ಡೇಟಾಬೇಸಿನ ಒಳಗೇ ಪ್ರಶ್ನಾರ್ಥಕ ಚಿಹ್ನೆ ಬಿದ್ದಿದ್ದರೆ ನಾಡಿ ನಿಂತಿದೆ. ಅದರಿಂದ ಮೂಲ ಅಕ್ಷರವನ್ನು ಮರಳಿ ತರುವ ವಿದ್ಯೆ ಯಾರಿಗೂ ಗೊತ್ತಿಲ್ಲ.

ಒಂದು ಕ್ಷಣ ಕೈ ತಣ್ಣಗಾಯಿತು. ನಲವತ್ತು ವರ್ಷ ವಾರ್ಡಿನಲ್ಲಿ ಕಳೆದವನಿಗೆ ಆ ತಣ್ಣಗಿನ ಪರಿಚಯ ಚೆನ್ನಾಗಿಯೇ ಇದೆ. ಆಮೇಲೆ ನೆನಪಾಯಿತು, ತಿದ್ದಿದ ಲೇಖನದ ಒಂದು ಪ್ರತಿ ನನ್ನ ಕಂಪ್ಯೂಟರಿನಲ್ಲಿದೆ, ಮೂಲ ಸಿ.ಡಿ. ಮೇಜಿನ ಮೇಲೆಯೇ ಇದೆ. ಹಳೆಯ ಕೋಷ್ಟಕಗಳನ್ನು ಕಿತ್ತುಹಾಕಿ, ಯುಟಿಎಫ್8ಎಂಬಿ4 ಎಂಬ ಸರಿಯಾದ ಸಂಕೇತದಲ್ಲಿ ಹೊಸದಾಗಿ ಮಾಡಿ, ಲೇಖನವನ್ನು ಮತ್ತೆ ಸೇರಿಸಿದೆವು. ಕನ್ನಡ ಬಂತು. ರಾತ್ರಿ ಹನ್ನೊಂದೂವರೆ. ಹುಡುಗನಿಗೆ ಅವಲಕ್ಕಿ ಒಗ್ಗರಣೆ ಹಾಕಿ ಕೊಟ್ಟೆ.

ಅತ್ತಿಮಬ್ಬೆಯ ಲೆಕ್ಕ

ಆ ರಾತ್ರಿ ನನ್ನನ್ನು ಕಾಪಾಡಿದ್ದು ಸರ್ವರಲ್ಲ, ತಂತ್ರಾಂಶವಲ್ಲ. ಇನ್ನೊಂದು ಪ್ರತಿ. ಕನ್ನಡದಲ್ಲಿ ಈ ಮಾತನ್ನು ಸಾವಿರ ವರ್ಷಗಳ ಹಿಂದೆಯೇ ತಿಳಿದಿದ್ದವಳು ದಾನಚಿಂತಾಮಣಿ ಅತ್ತಿಮಬ್ಬೆ. 1007ರಲ್ಲಿ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಈ ತಾಯಿ, ಪೊನ್ನ ಕವಿಯ 'ಶಾಂತಿಪುರಾಣ'ದ ಸಾವಿರ ಓಲೆ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅದೇ ಪೊನ್ನ ಬರೆದ 'ಭುವನೈಕರಾಮಾಭ್ಯುದಯ' ಇಂದು ನಮಗೆ ಸಿಕ್ಕಿಲ್ಲ. ಕವಿ ಒಬ್ಬನೇ, ಕಾಲ ಒಂದೇ, ಓಲೆಯೂ ಅದೇ ತಾಳೆಯದು. ಒಂದು ಉಳಿಯಿತು, ಒಂದು ಹೋಯಿತು.

ಗಟ್ಟಿ ಕಟ್ಟಡಗಳ ದೇಶವಾದ ಜರ್ಮನಿಯೂ ಇದಕ್ಕೆ ಹೊರತಲ್ಲ. 2004ರ ಸೆಪ್ಟೆಂಬರ್ 2ರಂದು ವೈಮಾರ್‌ನ ಅನ್ನಾ ಅಮಾಲಿಯಾ ಗ್ರಂಥಾಲಯಕ್ಕೆ ಬೆಂಕಿ ಬಿದ್ದು ಸುಮಾರು 50,000 ಪುಸ್ತಕಗಳು ಸುಟ್ಟುಹೋದವು. 2009ರ ಮಾರ್ಚ್ 3ರಂದು ಕಲೋನ್ ನಗರದ ಪತ್ರಾಗಾರದ ಕಟ್ಟಡವೇ ಕುಸಿಯಿತು. ಸರ್ವರುಗಳೂ ಸುಡುತ್ತವೆ. 2021ರ ಮಾರ್ಚ್ 10ರಂದು, ರೈನ್ ನದಿಯ ಆಚೆ ದಡದ ಸ್ಟ್ರಾಸ್‌ಬರ್ಗ್‌ನಲ್ಲಿ ಒಂದು ಡೇಟಾ ಸೆಂಟರಿನ ಕಟ್ಟಡ ಸುಟ್ಟು, ಬೇರೆ ಪ್ರತಿ ಇಟ್ಟುಕೊಳ್ಳದ ಎಷ್ಟೋ ಜನರ ಜಾಲತಾಣಗಳು ಶಾಶ್ವತವಾಗಿ ಹೋದವು.

ಮೊದಲ ಮಹಾಯುದ್ಧ ಬಂದಾಗ ಮಂಗಳೂರಿನ ಜರ್ಮನ್ ಮಿಷನರಿಗಳ ಕೆಲಸ ಕಡಿದುಹೋಯಿತು. ಆದರೂ ಕಿಟ್ಟೆಲ್ ನಿಘಂಟು ಕಳೆದುಹೋಗಲಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಅದು ಧಾರವಾಡ, ಮೈಸೂರು, ಲಂಡನ್, ಟ್ಯೂಬಿಂಗೆನ್ ಎಲ್ಲ ಕಡೆ ಹೋಗಿಯಾಗಿತ್ತು. ಸರ್ವರ್ ಎಂಬುದು ಸೋಲ್ನ್‌ಹೋಫೆನ್ ಕಲ್ಲಿನ ಹಾಗೆ. ಇವತ್ತು ನಮ್ಮ ಬರಹ ಅದರ ಮೇಲಿದೆ, ಬಾಡಿಗೆ ನಿಂತ ದಿನ ಉಜ್ಜಿ ಬೇರೆಯವರಿಗೆ ಕೊಡುತ್ತಾರೆ. ಅದು ತಪ್ಪಲ್ಲ, ಕಲ್ಲಿನ ಧರ್ಮವೇ ಅದು. ಸ್ಥಾಪಿಸುವುದು ಒಂದು ದಿನದ ಕೆಲಸ, ಪ್ರತಿ ಮಾಡಿಡುವುದು ಪ್ರತಿದಿನದ ಕೆಲಸ.

ಇನ್ನು ಮುಂದೆ

ಈಗ ನಮ್ಮ ವ್ಯವಸ್ಥೆ ಹೀಗಿದೆ. ಪ್ರತಿ ರಾತ್ರಿ ಮೂರು ಗಂಟೆಗೆ ಡೇಟಾಬೇಸು ಮತ್ತು ಕಡತಗಳ ಒಂದು ಪ್ರತಿ ತಾನಾಗಿಯೇ ಬೇರೆ ಊರಿನ ಯಂತ್ರಕ್ಕೆ ಹೋಗುತ್ತದೆ. ತಿಂಗಳಿಗೊಮ್ಮೆ ನನ್ನ ಮನೆಯ ಡಿಸ್ಕಿಗೆ ಒಂದು. ಕೀಲಿಗಳು ಮೂರು ಊರುಗಳ ಮೂವರ ಹತ್ತಿರ ಇವೆ. ಬಾಡಿಗೆ ಯಾರೊಬ್ಬರ ಕಾರ್ಡಿನಿಂದಲೂ ಅಲ್ಲ, ಸಂಘದ ಖಾತೆಯಿಂದ ಹೋಗುತ್ತದೆ. ನನ್ನ ನೋಟ್‌ಬುಕ್ಕನ್ನು ಕನ್ನಡ ಮತ್ತು ಜರ್ಮನ್ ಎರಡರಲ್ಲೂ ಟೈಪ್ ಮಾಡಿ ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇನೆ. ಜರ್ಮನಿಯಲ್ಲಿ ಪ್ರಕಟವಾದದ್ದರ ಎರಡು ಪ್ರತಿಗಳನ್ನು ರಾಷ್ಟ್ರೀಯ ಗ್ರಂಥಾಲಯಕ್ಕೆ ಕೊಡಬೇಕೆಂಬ ನಿಯಮವಿದೆ, ಒಂದು ಲೈಪ್ಜಿಗ್‌ಗೆ, ಒಂದು ಫ್ರಾಂಕ್‌ಫರ್ಟಿಗೆ. ನಮ್ಮ ಮುದ್ರಿತ ಸಂಚಿಕೆಗಳನ್ನೂ ಇನ್ನು ಹಾಗೆ ಕಳಿಸೋಣವೆಂದು ಸಮಿತಿಯಲ್ಲಿ ಕೇಳಿಕೊಂಡಿದ್ದೇನೆ.

ಬ್ಯಾಕಪ್ ಇದೆ ಎನ್ನುವುದು ಬೇರೆ, ಅದರಿಂದ ಜಾಲತಾಣ ಮತ್ತೆ ಏಳುತ್ತದೆ ಎನ್ನುವುದು ಬೇರೆ. ಔಷಧ ಕಪಾಟಿನಲ್ಲಿದ್ದರೆ ಸಾಲದು, ಅವಧಿ ಮುಗಿದಿದೆಯೇ ನೋಡಬೇಕು. ಆದ್ದರಿಂದ ವರ್ಷಕ್ಕೊಮ್ಮೆ ಖಾಲಿ ಯಂತ್ರದ ಮೇಲೆ, ಕೇವಲ ಬ್ಯಾಕಪ್ಪಿನಿಂದ, ಇಡೀ ಜಾಲತಾಣವನ್ನು ಹೊಸದಾಗಿ ಎಬ್ಬಿಸಿ ನೋಡುವುದೆಂದು ಗೊತ್ತುಮಾಡಿದ್ದೇವೆ. ದಿನವನ್ನು ಜುಲೈ 1 ಎಂದು ಇಟ್ಟಿದ್ದೇವೆ. 2024ರಲ್ಲಿ ಮೊದಲ ಸಲ ಮಾಡಿದಾಗ ಚಿತ್ರಗಳ ಒಂದು ಕಡತಕೋಶ ಬ್ಯಾಕಪ್ಪಿನಲ್ಲಿ ಸೇರಿಯೇ ಇಲ್ಲವೆಂದು ಗೊತ್ತಾಯಿತು. ಅದನ್ನು ಸರಿಪಡಿಸಿದೆವು. ನೋಡದೇ ಇದ್ದಿದ್ದರೆ ಬೇಕಾದ ದಿನವೇ ಗೊತ್ತಾಗುತ್ತಿತ್ತು.

ಹ್ಯಾಂಬರ್ಗಿಗೆ ಲಿಂಕ್ ಕಳಿಸಿದ್ದು ಆ ವರ್ಷದ ಡಿಸೆಂಬರಿನಲ್ಲಿ. ಎರಡು ದಿನ ಬಿಟ್ಟು ಆಕೆ ಫೋನ್ ಮಾಡಿದಳು. ಆಕೆಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಆಕೆಯ ಹನ್ನೊಂದು ವರ್ಷದ ಮಗ ಶನಿವಾರದ ಕನ್ನಡ ತರಗತಿಗೆ ಹೋಗುತ್ತಾನೆ. ಅವನು ಫೋನಿನಲ್ಲೇ ಅಜ್ಜನ ಲೇಖನದ ಮೊದಲ ಪ್ಯಾರಾವನ್ನು ಅಕ್ಷರ ಅಕ್ಷರ ಕೂಡಿಸಿ ಓದಿ ಹೇಳಿದ. 'ಜರ್ಮನಿ' ಬಂದಲ್ಲಿ ಅರ್ಕಾವತ್ತನ್ನು ಸರಿಯಾಗಿ ಉಚ್ಚರಿಸಿದ. ಎರಡು ಕಡೆ ತಡವರಿಸಿದಾಗ ಹಿಂದಿನಿಂದ ತಾಯಿ, "ಮೆಲ್ಲಗೆ ಓದೋ, ನಾನು ಕೇಳಬೇಕು" ಎಂದದ್ದು ಕೇಳಿಸಿತು.

ಓದುಗರಲ್ಲಿ ಒಂದು ಕೋರಿಕೆಯೊಂದಿಗೆ ಮುಗಿಸುತ್ತೇನೆ. ನಮ್ಮ ಸಂಘದ ಹಳೆಯ ಸಂಚಿಕೆಗಳಲ್ಲಿ ಎರಡು ಇನ್ನೂ ಸಿಕ್ಕಿಲ್ಲ. ಮೇಲೆ ಹೇಳಿದ, ಓದದೇ ಹೋದ ಆ ಎರಡು ಸಿ.ಡಿ.ಗಳ ಸಂಚಿಕೆಗಳು ಅವು. ಮನೆ ಬದಲಿಸುವಾಗ, ಅಟ್ಟ ಗುಡಿಸುವಾಗ, ತಂದೆ-ತಾಯಿಯರ ಕಪಾಟು ಖಾಲಿ ಮಾಡುವಾಗ ಕಣ್ಣಿಗೆ ಬಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಹರಿದಿದ್ದರೂ, ಕೆಲವೇ ಪುಟಗಳಿದ್ದರೂ ಅಡ್ಡಿಯಿಲ್ಲ. ಪ್ರತಿ ಮಾಡಿಕೊಂಡು ನಿಮ್ಮದನ್ನು ನಿಮಗೇ ಮರಳಿಸುತ್ತೇನೆ.